ಏಳು ಕತ್ತಿಗಳ ಕಥೆ, ಎರಡನೇ ಭಾಗ: ಗೆದ್ದ ದೇವರುಗಳನ್ನು ಏನು ಮಾಡಲಿ?

ಮದ್ದೂರು ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನನ್ನ ಏಳು ಕತ್ತಿಗಳ ಕಾದಂಬರಿಯ ಮೊದಲ ಭಾಗವನ್ನು ಇಲ್ಲಿ ಕಂತು ಕಂತಾಗಿ ಹಾಕಿದ್ದೆ. ಓದದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ.

ಬೆಟ್ಟದ ದೇವರುಗಳಿಗೂ ಹೊಳೆಯ ದೇವರುಗಳಿಗೂ ಜಗಳ. ಮಳೆ ಯಾರ ಸ್ವತ್ತು ಅನ್ನುವುದೇ ಜಗಳದ ಮೂಲ. ಮೋಡ ತಡೆದು ನಿಲ್ಲಿಸುವವರು ನಾವು ಅಂತ ಬೆಟ್ಟದವರು. ಇಳಿದು ಬಂದ ನೀರೆಲ್ಲ ನಮ್ಮದು ಅಂತ ಹೊಳೆಯವರು. (ಮಂಡ್ಯದವನು ಬರೆದರೆ ಜಗಳ ನೀರಿಗೇ ತಾನೆ ಬರೋದು, ನಗಬೇಡಿ.) ದೇವರುಗಳೇ ಹೊಡೆದಾಡಿದರೆ ಭೂಮಿ ಉಳಿಯಲ್ಲ. ಅದಕ್ಕೆ ಒಬ್ಬ ಆಚಾರಿಯ ಕೈಲಿ ಏಳು ಕತ್ತಿ ಮಾಡಿಸಿ ಮನುಷ್ಯರಿಗೆ ಹಂಚುತ್ತಾರೆ. ಒಂದೊಂದಕ್ಕೂ ಒಂದು ಶಕ್ತಿ, ಒಂದು ಬೆಲೆ. ಬೇಲಿಗತ್ತಿ ಊರು ಕಾಯುತ್ತದೆ, ಆದರೆ ಹಿಡಿದವರು ಆ ಊರಿಗೆ ಮತ್ತೆ ಕಾಲಿಡುವ ಹಾಗಿಲ್ಲ. ಹೆಸರುನುಂಗಿಯಿಂದ ಒಂದು ಏಟು ಹೊಡೆದರೆ ಗೊತ್ತಿರುವ ಒಬ್ಬರ ಹೆಸರು ಮರೆತು ಹೋಗುತ್ತದೆ. ಸಾಲಗತ್ತಿ ಇವತ್ತು ಗೆಲ್ಲಿಸಿ, ಆ ಸೋಲನ್ನು ನಾಳೆ ಮನೆಯವರ ತಲೆಗೆ ಕಟ್ಟುತ್ತದೆ. ಕೊನೆಗೆ ಕೆಂಚಿ ಬೇಲಿಗತ್ತಿ ಹಿಡಿದು ಸಂಗಮದ ಯುದ್ಧ ಗೆಲ್ಲುತ್ತಾಳೆ. ಬೆಟ್ಟದ ದೇವರುಗಳು ಗೆದ್ದರು, ಹೊಳೆಯ ದೇವರುಗಳು ಮರಳಿನೊಳಗೆ ಇಂಗಿ ಹೋದರು.

ಈಗ ಎರಡನೇ ಭಾಗ. ಹೊಳೆಯ ದೇವರುಗಳು ಮತ್ತೆ ಒಟ್ಟಾಗುತ್ತಾರೆ, ಎಂಟನೇ ಕತ್ತಿ ಸಿಗುತ್ತದೆ, ಇನ್ನೂ ದೊಡ್ಡ ಯುದ್ಧ. ಹೀಗೆ ಒಂದಷ್ಟು ಅಧ್ಯಾಯ ಬರೆದು ರೈಲಿನಲ್ಲಿ ಓದಿಕೊಂಡೆ. ನನಗೇ ಆಕಳಿಕೆ ಬಂತು. ಯುದ್ಧ ಮುಗಿದ ಮೇಲೆ ಗೆದ್ದ ದೇವರುಗಳಿಗೆ ಕೆಲಸ ಏನು? ಎಂಟನೇ ಕತ್ತಿ ಬೇಕಾ? ನೀವೇ ಹೇಳಿ.

ಬೋಗಾದಿ ಬಾಯ್

ಎಂಟನೇ ಕತ್ತಿ ಬೇಕೇ ಬೇಕು ಗುರು. ಏಳನ್ನೂ ಮುರಿಯೋ ಕತ್ತಿ. ಅದನ್ನ ವಿಲನ್ ಕೈಗೆ ಕೊಡಿ. ಇಂಟರ್ವಲ್‌ಗೆ ಕೆಂಚಿ ಕತ್ತಿ ಎರಡು ತುಂಡು. ಥಿಯೇಟರ್ ಆಗಿದ್ದರೆ ವಿಷಲ್ ಬೀಳುತ್ತಿತ್ತು.

ಸರಸ್ವತಿಪುರಂ ಓದುಗಿ

ಪ್ಯಾಸೆಂಜರ್ ಅವರೇ, ಎಂಟನೇ ಕತ್ತಿ ಪಕ್ಕಕ್ಕಿಡಿ. ಕನ್ನಡದಲ್ಲಿ ಮುಂದಿನ ಭಾಗ ಬರೆದವರ ಕಥೆ ಕೇಳಿ.

ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಕ್ಕೆ ನಿಲ್ಲಿಸಿದ. ದುರ್ಯೋಧನ ತೊಡೆ ಮುರಿದು ಬಿದ್ದ, ಅಲ್ಲಿಗೆ ಸರಿ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ರಾಜನ ಆಶ್ರಯ ಇತ್ತು, ಷಟ್ಪದಿ ಅದೇ, ಕಥೆಯೂ ಮಹಾಭಾರತದ್ದೇ. ಈಗ ಹೇಳಿ, ನಿಮ್ಮ ಮನೆಯಲ್ಲಿ ಯಾರಾದರೂ ತಿಮ್ಮಣ್ಣನ ಒಂದು ಪದ್ಯ ಹೇಳುತ್ತಾರಾ? ಎಂ.ಎ. ಕನ್ನಡ ಮಾಡಿದವರಲ್ಲೂ ಓದಿದವರು ಕಡಿಮೆ.

ಇನ್ನೊಬ್ಬ ಲಕ್ಷ್ಮೀಶ. ಕಡೂರಿನ ಹತ್ತಿರದ ದೇವನೂರಿನವನು. ಅವನದ್ದೂ ಯುದ್ಧ ಮುಗಿದ ಮೇಲಿನ ಕಥೆಯೇ. ಧರ್ಮರಾಯ ಅಶ್ವಮೇಧಕ್ಕೆ ಕುದುರೆ ಬಿಟ್ಟ, ಅರ್ಜುನ ಅದರ ಹಿಂದೆ ಹೋದ. ಅಷ್ಟೇ. ಆದರೆ ಜೈಮಿನಿ ಭಾರತವನ್ನು ನಮ್ಮ ಅಜ್ಜಿಯರು ಬಾಯಿಪಾಠ ಮಾಡಿದ್ದರು. ಯಕ್ಷಗಾನಕ್ಕೆ ಹೋಯಿತು, ಹರಿಕಥೆಗೆ ಹೋಯಿತು, ಸಿನಿಮಾಕ್ಕೂ ಹೋಯಿತು.

ಯಾಕೆ ಹೀಗೆ? ತಿಮ್ಮಣ್ಣನ ಪಾಲಿಗೆ ಬಂದದ್ದು ಮುಗಿಸುವ ಕೆಲಸ. ಲಕ್ಷ್ಮೀಶ ಹೊಸಬರನ್ನು ಕರೆದು ತಂದ. ಸುಧನ್ವ, ಮಯೂರಧ್ವಜ, ಚಂದ್ರಹಾಸ, ಬಭ್ರುವಾಹನ. ಇವರಲ್ಲಿ ಯಾರೂ ಕೌರವರ ಪಳೆಯುಳಿಕೆ ಅಲ್ಲ, ಸೇಡಿಗೆ ಬಂದವರೂ ಅಲ್ಲ. ತಮ್ಮ ಪಾಡಿಗೆ ತಮ್ಮ ಊರಲ್ಲಿ ಇದ್ದವರು. ಇವರ ಬಾಗಿಲಿಗೆ ಗೆದ್ದವರ ಕುದುರೆ ಬಂದು ನಿಂತಿತು. ಸುಧನ್ವ ಯುದ್ಧಕ್ಕೆ ತಡವಾಗಿ ಬಂದ ಅಂತ ಅವನ ಅಪ್ಪನೇ ಕುದಿಯುವ ಎಣ್ಣೆ ಕೊಪ್ಪರಿಗೆಗೆ ಹಾಕಿಸುತ್ತಾನೆ. ಆ ಭಾಗ ಓದುವಾಗ ನಾವು ಅರ್ಜುನನ ಪಕ್ಷ ಬಿಟ್ಟು ಎದುರು ಪಕ್ಷಕ್ಕೆ ಹೋಗಿರುತ್ತೇವೆ. ಗೆದ್ದವನನ್ನು ಸೋತವರ ಮನೆಯ ಜಗಲಿಯಿಂದ ನೋಡಿದಾಗಲೇ ಎರಡನೇ ಭಾಗಕ್ಕೆ ಜೀವ ಬರುತ್ತದೆ.

ನಿಮ್ಮ ಕೆಂಚಿ ಈಗ ಗೆದ್ದವಳು. ಅವಳ ಕುದುರೆ ಯಾರ ಬಾಗಿಲಿಗೆ ಹೋಗುತ್ತದೆ?

ಪಿಂಚಣಿ ಮೇಷ್ಟ್ರು

ಓದುಗಿಯಮ್ಮ ಸರಿಯಾದ ಕಡೆ ಕೈ ಇಟ್ಟಿದ್ದಾರೆ. ಆದರೆ ಈ ಕಥೆಗೆ ಬೇಕಾದ ಮುಖ್ಯ ಪಾತ್ರವನ್ನು ಬಿಟ್ಟುಬಿಟ್ಟರು. ಜ್ವಾಲೆ!

ನೀಲಧ್ವಜನ ಹೆಂಡತಿ ಜ್ವಾಲೆ. ಕುದುರೆ ಕಟ್ಟಿ ಅರ್ಜುನನ ಮೇಲೆ ಯುದ್ಧ ಮಾಡು ಅಂತ ಗಂಡನಿಗೆ ಹೇಳಿದವಳು. ಮಗ ಸತ್ತ, ಗಂಡ ಸೋತು ಅರ್ಜುನನ ಜೊತೆಗೇ ಸೇರಿಕೊಂಡ. ಇವಳಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಗಂಗೆಯ ಹತ್ತಿರ ಹೋಗಿ, ನಿನ್ನ ಮಗ ಭೀಷ್ಮನನ್ನು ಕೊಂದವನು ಆರಾಮಾಗಿ ತಿರುಗುತ್ತಿದ್ದಾನಲ್ಲ ಅಂತ ಚುಚ್ಚಿದಳು. ಮಗನ ಕೈಯಿಂದಲೇ ನಿನ್ನ ತಲೆ ಹೋಗಲಿ ಅಂತ ಗಂಗೆ ಅರ್ಜುನನಿಗೆ ಶಾಪ ಕೊಟ್ಟಳು. ಜ್ವಾಲೆ ಬೆಂಕಿಗೆ ಬಿದ್ದು, ಬಾಣವಾಗಿ ಬಭ್ರುವಾಹನನ ಬತ್ತಳಿಕೆಗೆ ಬಂದು ಸೇರಿದಳು.

ನೋಡಿ, ಮಾಯದ ಆಯುಧ ಅಂದರೆ ಇದು. ದೇವರು ಕೊಟ್ಟದ್ದಲ್ಲ, ತಪಸ್ಸು ಮಾಡಿ ಪಡೆದದ್ದಲ್ಲ. ಒಬ್ಬ ಹೆಂಗಸಿನ ಆರದ ಸಿಟ್ಟೇ ಬಾಣ. ಬಭ್ರುವಾಹನನಿಗೆ ತನ್ನ ಬತ್ತಳಿಕೆಯಲ್ಲಿ ಯಾರಿದ್ದಾರೆ ಅಂತಲೇ ಗೊತ್ತಿಲ್ಲ. ಅವನು ಕುದುರೆಯನ್ನು ಅಪ್ಪನಿಗೆ ವಾಪಸು ಕೊಡಲು ಕೈಮುಗಿದುಕೊಂಡೇ ಹೋಗಿದ್ದ. ಅರ್ಜುನ ಅವನ ಹುಟ್ಟನ್ನೇ ಹಳಿದು ಅವಮಾನ ಮಾಡಿದ ಮೇಲೆ ಯುದ್ಧ ಆಯಿತು.

ಸ್ವಲ್ಪ ಹೊತ್ತು ಇವರ ಕಥೆಯನ್ನೂ ಹೀಗೆ ನೋಡೋಣ. ಎಂಟನೇ ಕತ್ತಿಯನ್ನು ಮಾಡಿಸುವುದು ಬೇಡ. ಇರುವ ಏಳರಲ್ಲಿ ಯಾರು ಯಾರ ಸಂಕಟ ಹೊಕ್ಕಿದೆ, ಅದನ್ನು ಹುಡುಕಿ.

ಬೋಗಾದಿ ಬಾಯ್

ಮೇಷ್ಟ್ರೇ, ಜ್ವಾಲೆ ಸೂಪರ್. ಇದು ನನಗೆ ಗೊತ್ತೇ ಇರಲಿಲ್ಲ. ಆದರೂ ದೇವರುಗಳ ಜಗಳ ಎಲ್ಲಿ ಹೋಯ್ತು? ಹೆಡ್ಡಿಂಗ್‌ನಲ್ಲಿ ದೇವರು ಅಂತಿದೆ. ನಾವು ಬಂದಿದ್ದು ಅದಕ್ಕೆ.

ಪಿಂಚಣಿ ಮೇಷ್ಟ್ರು

ಬಾಯ್ ಅವರೇ, ಗಂಗೆ ದೇವರಲ್ಲವೇನಪ್ಪಾ?

ಬೋಗಾದಿ ಬಾಯ್

ಆಯ್ತು ಬಿಡಿ ಸಾರ್ 🙏

ಮಳವಳ್ಳಿ ಮಾತು

ಮೊದಲ ಭಾಗ ಓದಿದಾಗಿನಿಂದ ಒಂದು ಮಾತು ಕೇಳಬೇಕು ಅಂತಿದ್ದೆ. ಎರಡನೇ ಅಧ್ಯಾಯದಲ್ಲಿ ಆಚಾರಿ ಬರುತ್ತಾನೆ, ಏಳು ಕತ್ತಿ ಬಡಿದು ಕೊಡುತ್ತಾನೆ, ಆಮೇಲೆ ಪತ್ತೆನೇ ಇಲ್ಲ. ಅವನಿಗೆ ಕೂಲಿ ಯಾರು ಕೊಟ್ಟರು?

ನಮ್ಮ ಕಡೆ ಈ ಪ್ರಶ್ನೆ ಸುಮ್ನೆ ಬರೋದಿಲ್ಲ. ಮಂಟೇಸ್ವಾಮಿ ಕಾವ್ಯ ಕೇಳಿ ಬೆಳೆದವರು ನಾವು. ಬೊಪ್ಪೇಗೌಡನಪುರ ನಮ್ಮ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ, ಹಲಗೂರೂ ಅಷ್ಟೇ. ನೀಲಗಾರರು ತಂಬೂರಿ ಹಿಡಿದು, ಗಗ್ಗರ ಆಡಿಸಿಕೊಂಡು ಹಲಗೂರಿನ ಭಾಗ ಹಾಡುವಾಗ ರಾತ್ರಿ ಪೂರ್ತಿ ಎದ್ದಿರುತ್ತೇವೆ. ಕಥೆ ಹೀಗೆ: ಮಂಟೇಸ್ವಾಮಿ ಆಚಾರಿಗಳ ಮನೆಯ ಹುಡುಗ ಕೆಂಪಾಚಾರಿಯನ್ನು ಶಿಷ್ಯನಾಗಿ ತೆಗೆದುಕೊಳ್ಳುತ್ತಾರೆ. ಅವನೇ ಮುಂದೆ ಸಿದ್ದಪ್ಪಾಜಿ. ಅವನನ್ನು ಎಲ್ಲಿಗೆ ಕಳಿಸುತ್ತಾರೆ? ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತರಲಿಕ್ಕೆ. ಅಂದರೆ ತನ್ನದೇ ಕುಲದವರ ಕುಲುಮೆಗೆ, ಜೋಳಿಗೆ ಹಿಡಿದು. ಅವರು ಕಬ್ಬಿಣವೇ ಇಲ್ಲ ಅನ್ನುತ್ತಾರೆ. ಸುತ್ತ ಕುಲುಮೆ ಉರಿಯುತ್ತಿದೆ, ಸುತ್ತಿಗೆ ಸದ್ದು ಕೇಳುತ್ತಿದೆ, ಬಾಯಲ್ಲಿ ಮಾತ್ರ ಇಲ್ಲ! ಆಮೇಲೆ ಸಿದ್ದಪ್ಪಾಜಿಗೆ ಪರೀಕ್ಷೆ ಮೇಲೆ ಪರೀಕ್ಷೆ. ಕೊನೆಗೆ ಪಾಂಚಾಳರ ಗರ್ವ ಇಳಿಯುತ್ತದೆ.

ಪ್ರತಿ ಸಲ ಕೇಳುವಾಗಲೂ ನನಗೆ ಪಾಂಚಾಳರ ಮೇಲೂ ಸ್ವಲ್ಪ ಕನಿಕರ ಬರುತ್ತದೆ. ಭಕ್ತರು ಬೈಯಬೇಡಿ. ದೊಡ್ಡವರು ಕಬ್ಬಿಣ ಕೇಳಿಕೊಂಡು ಬಂದಾಗ ಕುಲುಮೆಯವನು ಇಲ್ಲ ಅನ್ನುತ್ತಾನಲ್ಲ, ಅಲ್ಲಿ ಒಂದು ದೊಡ್ಡ ಕಥೆ ಇದೆ. ನಮ್ಮ ಜನಪದದಲ್ಲಿ ದೇವರಿಗೆ ಕಬ್ಬಿಣ ಬೇಕು. ಕಬ್ಬಿಣ ಇರೋದು ಮನುಷ್ಯನ ಹತ್ತಿರ. ನಿಮ್ಮ ಕಾದಂಬರಿಯಲ್ಲಿ ದೇವರುಗಳು ಕೇಳಿದ ಕೂಡಲೇ ಆಚಾರಿ ಹೂಂ ಅಂದುಬಿಟ್ಟ. ಎರಡನೇ ಭಾಗದಲ್ಲಾದರೂ ಊಹೂಂ ಅನ್ನಿಸಿ.

ಮದ್ದೂರು ಪ್ಯಾಸೆಂಜರ್

ಅಣ್ಣ, ಈ ಕೂಲಿ ಪ್ರಶ್ನೆ ನನ್ನ ನಿದ್ದೆ ಕೆಡಿಸುತ್ತೆ. ಗೆದ್ದ ಬೆಟ್ಟದ ದೇವರುಗಳೇ ಮತ್ತೆ ಅವನ ಮನೆ ಹುಡುಕಿಕೊಂಡು ಬರುತ್ತಾರೆ ಅಂತ ಇಟ್ಟುಕೊಳ್ಳೋಣ. ಏಳೂ ಕತ್ತಿ ಕರಗಿಸಿ ಒಂದೇ ಕತ್ತಿ ಮಾಡಿಕೊಡು, ನಾವೇ ಇಟ್ಟುಕೊಳ್ಳುತ್ತೇವೆ ಅಂತ. ಕುಲುಮೆ ಕೆಲಸ ಗೊತ್ತಿರುವವರು ಯಾರಾದರೂ ಇದ್ದೀರಾ? ಕತ್ತಿ ಕರಗಿಸೋದು ನಿಜವಾಗಿ ಹೇಗೆ?

ಹೆಬ್ಬಾಳ್ ಟರ್ನರ್

ನಾನು ಇಂಡಸ್ಟ್ರಿಯಲ್ ಏರಿಯಾದಲ್ಲಿ ಹೀಟ್ ಟ್ರೀಟ್‌ಮೆಂಟ್ ಕೆಲಸದವನು. ಕಥೆ ಕಾದಂಬರಿ ಜಾಸ್ತಿ ಓದಲ್ಲ, ಮಗಳು ಈ ಚರ್ಚೆ ತೋರಿಸಿದಳು. ಉಕ್ಕಿನ ವಿಷಯ ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮೈಸೂರು ಸೀಮೆಯಲ್ಲಿ ಹಿಂದೆ ಮಾಡುತ್ತಿದ್ದ ಉಕ್ಕು ಮೂಸೆ ಉಕ್ಕು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಈ ಸೀಮೆ ಸುತ್ತಿದಾಗ ಕಬ್ಬಿಣ, ಉಕ್ಕು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಚಿಕ್ಕ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಕಟ್ಟಿಗೆಯ ಚೂರು, ಹಸಿ ಎಲೆ. ಬಾಯಿ ಮಣ್ಣು ಮೆತ್ತಿ ಮುಚ್ಚಿ, ಇದ್ದಿಲಿನ ನಡುವೆ ಜೋಡಿಸಿ, ಗಂಟೆಗಟ್ಟಲೆ ತಿದಿ ಒತ್ತುತ್ತಿದ್ದರು. ಕಟ್ಟಿಗೆ, ಎಲೆಯ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ. ಸುಮಾರು ನೂರಕ್ಕೆ ಒಂದೂವರೆ ಪಾಲು ಇಂಗಾಲ. ಇವತ್ತಿನ ಸಾಮಾನ್ಯ ಕಟ್ಟಡದ ಕಂಬಿಗಿಂತ ಎಷ್ಟೋ ಪಟ್ಟು ಜಾಸ್ತಿ. ನಿಧಾನ ಆರಿದ ಮೇಲೆ ಮೂಸೆ ಒಡೆದರೆ ಒಂದು ಚಿಕ್ಕ ಗಟ್ಟಿ ಸಿಗುತ್ತದೆ.

ಈಗ ನಿಮಗೆ ಬೇಕಾದ ವಿಷಯ. ಆ ಗಟ್ಟಿಯನ್ನು ಬಡಿಯುವುದು ಸುಲಭ ಇಲ್ಲ. ಬೇರೆ ಕಬ್ಬಿಣದ ಹಾಗೆ ಬಿಳಿ ಬಿಸಿ ಮಾಡಿ ಹೊಡೆದರೆ ಸುತ್ತಿಗೆ ಕೆಳಗೆ ಪುಡಿಯಾಗುತ್ತದೆ. ಕಡಿಮೆ ಶಾಖದಲ್ಲಿ, ಕೆಂಪು ಇರುವಾಗ, ತಾಳ್ಮೆಯಿಂದ ಬಡಿಯಬೇಕು. ಹಾಗೆ ಮಾಡಿದರೆ ಅಲಗಿನ ಮೇಲೆ ನೀರಿನ ಅಲೆ ತರಹ ಗೆರೆ ಏಳುತ್ತದೆ. ಯುರೋಪಿನ ಕಮ್ಮಾರರು ಇದನ್ನು ತಿಳಿಯದೆ ಬಹಳ ಒದ್ದಾಡಿದರು. ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ, ವಿದ್ಯುತ್ತಿನ ಕೆಲಸದಲ್ಲಿ ಹೆಸರು ಮಾಡಿದನಲ್ಲ ಅವನೇ, ಚಾಕು ಕತ್ತರಿ ಮಾಡುವ ಸ್ಟೋಡಾರ್ಟ್ ಎಂಬುವನ ಜೊತೆ ಸೇರಿ 1820ರ ಆಸುಪಾಸಿನಲ್ಲಿ ಭಾರತದ ಉಕ್ಕಿನ ಮೇಲೆ ಪ್ರಯೋಗ ಮಾಡಿದ್ದ.

ನಿಮ್ಮ ಏಳು ಕತ್ತಿ ಈ ಉಕ್ಕಿನವು ಅಂದುಕೊಳ್ಳಿ. ಅತಿಯಾಗಿ ಕಾಯಿಸಿದರೆ ಗೆರೆ ಅಳಿಸಿ ಹೋಗುತ್ತದೆ. ಶಕ್ತಿ ಗೆರೆಯಲ್ಲಿದೆ ಅಂತ ಬರೆದರೆ, ದೇವರ ಬೆಂಕಿ ಅದಕ್ಕೆ ಆಗಿ ಬರಲ್ಲ. ದೇವರ ಬೆಂಕಿ ಜೋರು. ಅದಕ್ಕೇ ಅವರಿಗೆ ಮನುಷ್ಯ ಆಚಾರಿ ಬೇಕು. ಕರಗಿಸಿದರೆ ಬರೀ ಉಕ್ಕು ಉಳಿಯುತ್ತದೆ, ಕತ್ತಿಯ ಗುಣ ಹೋಗುತ್ತದೆ. ನಾನು ಹೇಳೋದು ಇಷ್ಟೇ. ತಿಳಿದವರು ತಿದ್ದಿ.

ಸರಸ್ವತಿಪುರಂ ಓದುಗಿ

ಟರ್ನರ್ ಸರ್, ಕಾದಂಬರಿ ಓದಲ್ಲ ಅಂದವರು ಇಡೀ ಕಾದಂಬರಿಯ ಗಂಟು ಬಿಡಿಸಿಬಿಟ್ಟಿರಿ. ದೇವರುಗಳು ಕತ್ತಿ ಯಾಕೆ ತಾವೇ ಮಾಡಿಕೊಳ್ಳಲಿಲ್ಲ ಅಂತ ಮೊದಲ ಭಾಗದಲ್ಲಿ ಉತ್ತರವೇ ಇರಲಿಲ್ಲ. ನಿಮ್ಮ ಮಗಳಿಗೂ ಥ್ಯಾಂಕ್ಸ್ ಹೇಳಿ.

ಫ್ಯಾಂಟಸಿ ಪುಟ್ಟ

ಹೊರಗಿನ ಪುಸ್ತಕದ ಮಾತು ಎತ್ತಬಹುದಾ? ಅಮೆರಿಕದ ಫ್ರೆಡ್ ಸೇಬರ್‌ಹೇಗನ್ ಹನ್ನೆರಡು ಮಾಯದ ಕತ್ತಿಗಳ ಮೇಲೆ ಒಂದು ಸರಣಿ ಬರೆದಿದ್ದಾನೆ. ಅಲ್ಲಿ ದೇವರುಗಳಿಗೆ ಇದೊಂದು ಆಟ. ವಲ್ಕನ್ ಎಂಬ ಕಮ್ಮಾರ ದೇವರು ಕತ್ತಿ ಮಾಡುತ್ತಾನೆ, ಅದಕ್ಕೆ ಆರು ಜನ ಮನುಷ್ಯ ಕಮ್ಮಾರರ ನೆರವು ಬೇಕು. ಐವರು ಸಾಯುತ್ತಾರೆ. ಉಳಿದ ಒಬ್ಬನಿಗೆ ಬಲಗೈ ಹೋಗುತ್ತದೆ, ಬದಲಿಗೆ ಒಂದು ಕತ್ತಿ ಸಿಗುತ್ತದೆ. ಮಳವಳ್ಳಿ ಅಣ್ಣ ಕೇಳಿದ ಕೂಲಿ ಅದೇ! ಬಲಗೈ ಇಲ್ಲದವನಿಗೆ ಕತ್ತಿ.

ಮೊದಲ ಎರಡು ಭಾಗ 1983ರಲ್ಲೇ ಬಂದವು. ಎರಡನೆಯದರಲ್ಲಿ ಅವನು ದೊಡ್ಡ ಯುದ್ಧಕ್ಕೆ ಹೋಗುವುದೇ ಇಲ್ಲ. ಒಂದು ಜಿಪುಣ ದೇವಸ್ಥಾನದ ನೆಲಮಾಳಿಗೆಯ ಖಜಾನೆಗೆ ಕನ್ನ ಹಾಕುವ ಕಥೆ. ದಾರಿ ತೋರಿಸುವ ಕತ್ತಿಯೊಂದನ್ನು ಹಿಡಿದುಕೊಂಡು ಕಳ್ಳರ ಗುಂಪು ಒಳಗೆ ನುಗ್ಗುತ್ತದೆ. ಮೊದಲನೆಯದಕ್ಕಿಂತ ನನಗೆ ಇದೇ ಹಿಡಿಸಿತು. ಜಾಗ ಚಿಕ್ಕದಾದಾಗ ಕತ್ತಿಯ ಗುಣ ಸರಿಯಾಗಿ ಕಾಣುತ್ತದೆ.

ನನ್ನ ಕಂಪ್ಲೇಂಟ್ ಏನಂದ್ರೆ ಆ ಕೈ ಕಳೆದುಕೊಂಡ ಕಮ್ಮಾರ ಬೇಗ ಹಿಂದೆ ಸರಿಯುತ್ತಾನೆ, ಕಥೆ ಅವನ ಮಗನ ಬೆನ್ನು ಹಿಡಿಯುತ್ತದೆ. ನೀವು ಹಾಗೆ ಮಾಡಬೇಡಿ.

ಅಗ್ರಹಾರದ ಅಯ್ಯೋ ಪಾಪ

ಎಲ್ಲ ಓದಿದೆ. ಒಂದು ಎಚ್ಚರಿಕೆ. ಲಕ್ಷ್ಮೀಶ, ಮಂಟೇಸ್ವಾಮಿ, ಫ್ಯಾರಡೆ ಎಲ್ಲರನ್ನೂ ತುರುಕಿದರೆ ಕಾದಂಬರಿ ಹೋಗಿ ಮ್ಯೂಸಿಯಂ ಆಗುತ್ತೆ. ಈಗಿನ ಕನ್ನಡ ಫ್ಯಾಂಟಸಿಯ ರೋಗವೇ ಇದು. ಎರಡು ಪುಟಕ್ಕೊಂದು ಪುರಾಣ, ಮೂರು ಪುಟಕ್ಕೊಂದು ಶಾಸನ. ಕೆಂಚಿಗೆ ಹೊಟ್ಟೆ ಹಸಿಯುತ್ತಾ, ಕಾಲು ನೋಯುತ್ತಾ, ಅದನ್ನ ಬರೆಯಿರಿ ಮೊದಲು.

ಇನ್ನೊಂದು. ಅವಳು ಊರಿಗೆ ಹೋಗುವ ಹಾಗಿಲ್ಲ ಅಂತ ನೀವೇ ನಿಯಮ ಮಾಡಿದ್ದೀರಿ. ಮೊದಲ ಭಾಗದ ಕೊನೆಗೆ ಅದರ ಸುದ್ದಿಯೇ ಇಲ್ಲ. ಗೆದ್ದ ರಾತ್ರಿ ಅವಳು ಎಲ್ಲಿ ಮಲಗಿದಳು?

ಮಳವಳ್ಳಿ ಮಾತು

ಒಪ್ಪಿದೆ ಅಯ್ಯೋ ಪಾಪ. ಆ ನಿಯಮ ಬರೀ ಅಲಂಕಾರ ಆಗಿ ಉಳಿದಿದೆ.

ಕುವೆಂಪುನಗರ ಕಿಟಕಿ

ದೇವರುಗಳ ಕಡೆಗೆ ಬರುತ್ತೇನೆ, ಬೋಗಾದಿ ಬಾಯ್ ಕಾಯುತ್ತಾ ಇದ್ದಾರೆ.

ಮಹಾಭಾರತದ ಶಾಂತಿಪರ್ವದಲ್ಲಿ ಕತ್ತಿಯ ಹುಟ್ಟಿನ ಕಥೆ ಬರುತ್ತದೆ. ಕೇಳುವವನು ನಕುಲ, ಕತ್ತಿವರಸೆಯಲ್ಲಿ ಗಟ್ಟಿಗ. ಹೇಳುವವನು ಶರಶಯ್ಯೆಯ ಮೇಲಿನ ಭೀಷ್ಮ. ಬ್ರಹ್ಮನ ಯಜ್ಞದಿಂದ ಭಯಂಕರ ರೂಪವೊಂದು ಎದ್ದು ಬಂದು ಕತ್ತಿಯಾಗುತ್ತದೆ. ಬ್ರಹ್ಮ ಅದನ್ನು ರುದ್ರನಿಗೆ ಕೊಡುತ್ತಾನೆ, ಅಸುರರ ಮೇಲಿನ ಯುದ್ಧ ಮುಗಿದ ಮೇಲೆ ರುದ್ರ ವಿಷ್ಣುವಿಗೆ, ಹೀಗೆ ಕೈಯಿಂದ ಕೈಗೆ ಬಂದು ಕೊನೆಗೆ ಮನುಷ್ಯರಿಗೆ. ಆ ಕತ್ತಿಗೆ ಜಾತಕವೂ ಇದೆ! ನಕ್ಷತ್ರ ಕೃತ್ತಿಕೆ, ದೇವತೆ ಅಗ್ನಿ, ಗೋತ್ರ ರೋಹಿಣಿ, ಗುರು ರುದ್ರ. ಎಂಟು ಹೆಸರೂ ಇವೆ. ನನಗೆ ಇಷ್ಟವಾಗಿದ್ದು ದುರಾಸದ, ಶ್ರೀಗರ್ಭ. ಯಾವ ಫ್ಯಾಂಟಸಿ ಬರೆಯುವವನಿಗೂ ಹೊಟ್ಟೆಕಿಚ್ಚು ಬರಬೇಕು.

ಅದಕ್ಕಿಂತ ಮುಖ್ಯವಾದದ್ದು ವಾಪಸಾತಿ. ಖಾಂಡವ ವನ ಸುಡುವ ಮುಂಚೆ ಅಗ್ನಿ ವರುಣನಿಂದ ಗಾಂಡೀವವನ್ನು ಕೇಳಿ ತಂದು ಅರ್ಜುನನಿಗೆ ಕೊಡಿಸುತ್ತಾನೆ. ಅವತ್ತು ಮಳೆ ಸುರಿಸಿ ಎದುರು ನಿಂತವನು ಇಂದ್ರ, ಅರ್ಜುನನ ಸ್ವಂತ ಅಪ್ಪ. ದೇವರುಗಳ ಜಗಳದಲ್ಲಿ ಬಿಲ್ಲು ಮಾತ್ರ ಮನುಷ್ಯನ ಕೈಯಲ್ಲಿ. ಎಷ್ಟೋ ವರ್ಷ ಆದ ಮೇಲೆ, ಕೃಷ್ಣ ಹೋದ ಮೇಲೆ, ದಾರಿಯಲ್ಲಿ ಸಾಮಾನ್ಯ ಕಳ್ಳರು ಬಂದರೂ ಅರ್ಜುನನಿಗೆ ಅಸ್ತ್ರ ನೆನಪಿಗೆ ಬರುವುದಿಲ್ಲ. ಪಾಂಡವರು ಎಲ್ಲ ಬಿಟ್ಟು ಹೊರಟಾಗ ಅಗ್ನಿ ಅಡ್ಡ ನಿಂತು ಬಿಲ್ಲು ವಾಪಸು ಕೊಡು ಅನ್ನುತ್ತಾನೆ. ಅರ್ಜುನ ನೀರಿಗೆ ಹಾಕುತ್ತಾನೆ.

ಅಂದರೆ ಆಯುಧ ಸಾಲ. ಕೊಟ್ಟ ದೇವರು ಒಂದು ದಿನ ಕೇಳಲು ಬಂದೇ ಬರುತ್ತಾನೆ. ಪ್ಯಾಸೆಂಜರ್ ಅವರೇ, ನಿಮ್ಮ ಗೆದ್ದ ದೇವರುಗಳಿಗೆ ಇದೇ ಕೆಲಸ: ವಸೂಲಿ. ಕೆಂಚಿಯಂಥವರ ಮನೆ ಮುಂದೆ ನಿಂತು ಕತ್ತಿ ವಾಪಸು ಕೇಳುವುದು. ಆದರೆ ಬೇಲಿಗತ್ತಿ ವಾಪಸು ಕೊಟ್ಟರೆ ಊರನ್ನು ಕಾಯುವವರು ಯಾರು?

ಬೋಗಾದಿ ಬಾಯ್

ವಸೂಲಿಗೆ ಬರೋ ದೇವರು!! ಇದು ಬೇಕಾಗಿತ್ತು. ಹಳ್ಳಿಯ ಹಲಗೆ ಮೇಲೆ ನೋಟಿಸ್ ಅಂಟಿಸಿ ಹೋಗ್ತಾನಾ? 😂

ಪಿಂಚಣಿ ಮೇಷ್ಟ್ರು

ಕಿಟಕಿಯವರ ಮಾತಿಗೆ ಮೈಸೂರಿನದೇ ಒಂದು ಸೇರಿಸುತ್ತೇನೆ. ಅರಮನೆಯ ಖಾಸಗಿ ದರ್ಬಾರಿನಲ್ಲಿ ಪಟ್ಟದ ಕತ್ತಿಗೆ ಪೂಜೆ ಇರುವುದು ಎಲ್ಲರಿಗೂ ಗೊತ್ತು. 2014ರ ದಸರಾದಲ್ಲಿ ಸಿಂಹಾಸನ ಏರುವ ಅರಸರು ಇರಲಿಲ್ಲ. ಹಿಂದಿನ ಡಿಸೆಂಬರಿನಲ್ಲಿ ಶ್ರೀಕಂಠದತ್ತ ಒಡೆಯರ್ ತೀರಿಕೊಂಡಿದ್ದರು. ಆ ವರ್ಷ ಸಿಂಹಾಸನದ ಮೇಲೆ ಪಟ್ಟದ ಕತ್ತಿಯನ್ನೇ ಇಟ್ಟು ವಿಧಿ ನಡೆಸಿದರು. ನಾವು ಪೇಪರಿನಲ್ಲಿ ಫೋಟೊ ನೋಡಿದ್ದೆವು. ಹೊರಗಡೆ ಜಂಬೂ ಸವಾರಿಯಲ್ಲೂ ಅಷ್ಟೇ, ಒಂದು ಕಾಲಕ್ಕೆ ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದರು, ಈಗ ತಾಯಿ ಚಾಮುಂಡೇಶ್ವರಿ.

ಕೂರುವವರು ಬದಲಾದರೂ ಪೀಠ ಖಾಲಿ ಇರುವುದಿಲ್ಲ. ನಿಮ್ಮ ಕಥೆಯಲ್ಲಿ ಹೊಳೆಯ ದೇವರುಗಳು ಮರಳಿಗೆ ಇಂಗಿದ ಮೇಲೆ ಆ ಪೀಠದಲ್ಲಿ ಯಾರು ಕೂತಿದ್ದಾರೆ? ಜನ ಅಲ್ಲಿ ಒಂದು ಕತ್ತಿ ಇಟ್ಟು ಪೂಜೆ ಶುರು ಮಾಡಿದ್ದರೆ? ಕತ್ತಿಯೇ ದೇವರಾದರೆ ಬೆಟ್ಟದವರಿಗೆ ತಲೆನೋವು ಶುರು.

ಫ್ಯಾಂಟಸಿ ಪುಟ್ಟ

ಮೇಷ್ಟ್ರೇ, ಮಹಿಷಾಸುರನನ್ನು ಮರೆತಿರಿ. ಬೆಟ್ಟ ಹತ್ತಿದವರಿಗೆ ಮೊದಲು ಸಿಗೋದು ಅವನೇ. ಬಲಗೈಲಿ ಕತ್ತಿ, ಎಡಗೈಲಿ ಹಾವು. ಸೋತವನ ಕೈಯಲ್ಲಿ ಇನ್ನೂ ಕತ್ತಿ ಇದೆ, ಮಕ್ಕಳು ಅವನ ಜೊತೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಊರಿಗೆ ಹೆಸರು ಬಂದದ್ದೂ ಅವನದ್ದೇ.

ಹೊನ್ನಲಗೆರೆ ಹೈದ

ಗಂಭೀರ ಚರ್ಚೆ ನಡುವೆ ನಾಯಿ ಬಿಡುತ್ತಿದ್ದೇನೆ, ಕ್ಷಮಿಸಿ.

ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಗೊತ್ತಲ್ವಾ? ಸುಮಾರು 949-50ರದ್ದು. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ. ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಲ್ಲುತ್ತಾನೆ. ಬೂತುಗನ ಕಡೆಯ ಮಣಲೇರ ಅನ್ನುವವನು ಚೆನ್ನಾಗಿ ಹೋರಾಡಿದ ಅಂತ ರಾಜನಿಗೆ ಖುಷಿ. ಏನು ಬೇಕು ಕೇಳು ಅನ್ನುತ್ತಾನೆ. ಬೂತುಗನಿಗೆ ನಾಡು ನಾಡೇ ಸಿಕ್ಕಿದ ಸಂದರ್ಭ ಅದು. ಇವನು ಕೇಳಿದ್ದು ರಾಜನ ನಾಯಿ. ಅದರ ಹೆಸರು ಕಾಳಿ!

ಆ ಕಾಳಿ ಒಂದು ಬೆಟ್ಟದ ಹತ್ತಿರ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಡಿಸಿದ. ಕಲ್ಲಿನ ಮೇಲೆ ನಾಯಿ ಹಂದಿ ಕಾದಾಟ ಇದೆ. ರಾಜರ ಯುದ್ಧ ಸುತ್ತ ಅಕ್ಷರಗಳಲ್ಲಿದೆ.

ಸಾವಿರ ವರ್ಷದ ಹಿಂದೆ ನಮ್ಮ ಊರಿನ ಪಕ್ಕದವನು ಮಹಾಯುದ್ಧವನ್ನು ಅಂಚಿಗೆ ತಳ್ಳಿ ನಾಯಿಯನ್ನು ನಡುವೆ ನಿಲ್ಲಿಸಿದ್ದಾನೆ. ಪ್ಯಾಸೆಂಜರಣ್ಣ, ಕೆಂಚಿ ಗೆದ್ದಾಗ ದೇವರು ವರ ಕೇಳು ಅಂದಿರಬೇಕಲ್ವಾ? ಏನು ಕೇಳಿದಳು? ನೀವು ಬರೆದೇ ಇಲ್ಲ.

ಅಗ್ರಹಾರದ ಅಯ್ಯೋ ಪಾಪ

ಮ್ಯೂಸಿಯಂ ಬೇಡ ಅಂದಿದ್ದೆ. ನಾಯಿಗೆ ಮಾತ್ರ ವಿನಾಯಿತಿ.

ಮದ್ದೂರು ಪ್ಯಾಸೆಂಜರ್

ಎಲ್ಲ ಓದಿ ಒಂದು ಹೊಸ ಚೌಕಟ್ಟು ಹಾಕಿದ್ದೇನೆ. ಗುಂಡು ಹೊಡೆಯಿರಿ.

ಎಂಟನೇ ಕತ್ತಿ ಇಲ್ಲ. ಬರೆದ ಅಧ್ಯಾಯಗಳನ್ನು ತೆಗೆದುಹಾಕಿದೆ.

ಕಥೆ ಆಚಾರಿಯ ಮನೆಯಿಂದ ಶುರು. ಅವನು ಬದುಕಿದ್ದಾನೆ, ಸಂಸಾರ ಇದೆ. ಏಳು ಕತ್ತಿಗೂ ಕೂಲಿ ಬಂದಿಲ್ಲ. ಕತ್ತಿಯ ಬೆಲೆ ಎಲ್ಲಿಂದ ಬಂತು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಹೆಸರುನುಂಗಿಯನ್ನು ಬಡಿಯುವಾಗ ಅವನ ಮಗು ಸತ್ತಿತ್ತು, ಹೆಸರಿಡುವ ಮುಂಚೆ. ಬೇಲಿಗತ್ತಿಯನ್ನು ಬಡಿಯುವಾಗ ಅವನನ್ನು ಊರಿನಿಂದ ಹೊರಗೆ ಹಾಕಿದ್ದರು. ಅವನ ಸಂಕಟಗಳೇ ಕತ್ತಿಯ ನಿಯಮ ಆಗಿವೆ, ದೇವರುಗಳಿಗೆ ಇದು ಗೊತ್ತಿಲ್ಲ. (ಮೇಷ್ಟ್ರೇ, ಜ್ವಾಲೆಗೆ ಕೈಮುಗಿದೆ.)

ಬೆಟ್ಟದ ದೇವರುಗಳು ವಸೂಲಿಗೆ ಹೊರಡುತ್ತಾರೆ. ಏಳೂ ಕತ್ತಿ ವಾಪಸು ಬೇಕು, ಕರಗಿಸಬೇಕು, ಅದಕ್ಕೆ ಆಚಾರಿ ಬೇಕು. ಆಚಾರಿ ನನ್ನ ಕುಲುಮೆಯಲ್ಲಿ ಇದ್ದಿಲಿಲ್ಲ ಅನ್ನುತ್ತಾನೆ. ಹೊರಗೆ ಮೂಟೆ ಮೂಟೆ ಇದ್ದಿಲು ಕಾಣುತ್ತಿರುತ್ತದೆ.

ಕೆಂಚಿ ಊರಾಚೆ ಕಾಲುವೆ ಏರಿಯ ಮೇಲೆ ಗುಡಿಸಲು ಹಾಕಿಕೊಂಡಿದ್ದಾಳೆ. ದಿನಾ ಅವಳ ಅವ್ವ ಊರಿನ ಗಡಿಗೆ ಬಂದು ಮುದ್ದೆ ಇಟ್ಟು ಹೋಗುತ್ತಾಳೆ. ವರ ಕೇಳು ಅಂದಾಗ ಅವಳು ಕೇಳಿದ್ದು ಏನು ಅಂತ ಇನ್ನೂ ಹೊಳೆದಿಲ್ಲ. ನಾಯಿ ಕೇಳಿಸಿದರೆ ಶಾಸನದ ನಕಲು ಆಗುತ್ತೆ.

ಸರಸ್ವತಿಪುರಂ ಓದುಗಿ

ಅವ್ವ ಮುದ್ದೆ ಇಡುವುದು ಇರಲಿ, ತೆಗೆಯಬೇಡಿ. ಆದರೆ ಏ‍ಳು ಕತ್ತಿಗೂ ಏಳು ಸಂಕಟ ಲೆಕ್ಕ ಹಾಕಿ ಕೂರಿಸಬೇಡಿ, ಆಚಾರಿ ಬರೀ ಗೋಳಿನ ಮನುಷ್ಯ ಆಗಿಬಿಡುತ್ತಾನೆ. ಒಂದು ಕತ್ತಿಯಾದರೂ ಅವನು ಖುಷಿಯಾಗಿದ್ದ ದಿನ ಹುಟ್ಟಲಿ. ಅದರ ಬೆಲೆ ಏನಿರಬಹುದು ಅಂತ ಯೋಚಿಸಿ, ಅದೇ ಎಲ್ಲಕ್ಕಿಂತ ಅಪಾಯದ ಕತ್ತಿ ಆಗಬಹುದು.

ಹೆಬ್ಬಾಳ್ ಟರ್ನರ್

ಇದ್ದಿಲು ಇಲ್ಲ ಅನ್ನುವ ಬದಲು ತಿದಿ ಹರಿದಿದೆ ಅನ್ನಿಸಿ. ಇದ್ದಿಲು ದೇವರೂ ತಂದುಕೊಡಬಹುದು. ತಿದಿಯ ತೊಗಲು ಹೊಲಿಯಲು ಬೇರೆ ಕಸುಬಿನವರು ಬೇಕು. ಅವರನ್ನು ಹುಡುಕಿಕೊಂಡು ದೇವರು ಅಲೆಯಲಿ.

ಮಳವಳ್ಳಿ ಮಾತು

ಆಹಾ ಟರ್ನರಣ್ಣ! ಆ ತಿದಿ ಹೊಲಿಯುವವನ ಮನೆಗೆ ದೇವರು ಹೋಗಲೇಬೇಕು. ಅಲ್ಲಿ ನೀರು ಕುಡಿಯುತ್ತಾನೋ ಇಲ್ಲವೋ ಅಂತ ಒಂದು ಅಧ್ಯಾಯ ಬರೀರಿ. ಮಂಟೇಸ್ವಾಮಿ ಕೇಳಿದವನಾಗಿ ಹೇಳ್ತೀನಿ, ಯುದ್ಧಕ್ಕಿಂತ ಆ ಅಧ್ಯಾಯ ಜೋರಾಗಿರುತ್ತೆ.

ಕುವೆಂಪುನಗರ ಕಿಟಕಿ

ಹೊಳೆಯ ದೇವರುಗಳ ಸುದ್ದಿ ಎಲ್ಲೂ ಇಲ್ಲ. ಇಂಗಿದವರು ಬೋರ್‌ವೆಲ್‌ನಲ್ಲಿ ಬರುತ್ತಾರಾ?

ಮದ್ದೂರು ಪ್ಯಾಸೆಂಜರ್

ಬೋರ್‌ವೆಲ್ ಬೇಡ, ಆ ಕಾಲದ ಕಥೆ ಅಲ್ಲ. ಕಿರುಬಾವಿಯಲ್ಲಿ ಬರಿಸಬಹುದು. ಕೆಂಚಿ ಕುಡಿಯೋ ನೀರಿನಲ್ಲೇ ಇದ್ದಾರೆ ಅಂತ ಇಟ್ಟರೆ? ಮೊದಲ ಅಧ್ಯಾಯ ಭಾನುವಾರ ಹಾಕುತ್ತೇನೆ.

ಬೋಗಾದಿ ಬಾಯ್

ಯಾವ ಭಾನುವಾರ ಅಂತ ಹೇಳಿ ಗುರು, ಹೋದ ಸಲನೂ ಹಿಂಗೇ ಅಂದಿದ್ರಿ. ಮತ್ತೆ ಒಂದೇ ಒಂದು ಫೈಟ್ ಆದ್ರೂ ಇರಲಿ, ತಿದಿ ಹೊಲಿಯೋ ಮನೆ ಹತ್ತಿರನೇ ಆದ್ರೂ ಪರವಾಗಿಲ್ಲ.